ಒಂದೇ ಕೋಶದ ಇಬ್ಬರು

ಅಕ್ಕ ತೀರಿಕೊಂಡ ಹದಿನಾರನೆಯ ದಿನ ನಾನು ಮತ್ತೆ ಶಾಲೆಗೆ ಹೋದೆ. ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಎದ್ದು ನಿಂತರು. ಯಾರೋ ಕುರ್ಚಿ ಸರಿಸಿದರು, ಯಾರೋ ಚಹಾ ತರಿಸಿದರು. ನಾನು ಚಹಾ ಕುಡಿದೆ. ಅದು ಬಿಸಿ ಇತ್ತೋ ಆರಿತ್ತೋ ಈಗ ನೆನಪಿಲ್ಲ, ಆಗಲೂ ಗೊತ್ತಾಗಿರಲಿಕ್ಕಿಲ್ಲ. ಗಂಟೆ ಹೊಡೆಯಿತು. ಹಾಜರಿ ಪುಸ್ತಕ ಎತ್ತಿಕೊಂಡು ಎಂಟನೆಯ ತರಗತಿಗೆ ನಡೆದೆ.

ಅಕ್ಕ ಎಂದರೆ ನನಗಿಂತ ಕಾಲು ಗಂಟೆಗೆ ದೊಡ್ಡವಳು. ನಾವು ಅವಳಿ. ಹುಟ್ಟಿದ್ದು ಅಂಕಲಗಿಯ ನಮ್ಮ ಮನೆಯಲ್ಲೇ. ಒಂದೇ ಮೂಗು, ಒಂದೇ ಗದ್ದ, ನಕ್ಕರೆ ಎಡಗೆನ್ನೆಯಲ್ಲಿ ಬೀಳುವ ಒಂದೇ ಗುಳಿ. ಊರಿನವರು ನಮ್ಮನ್ನು ಬೇರೆಬೇರೆಯಾಗಿ ಗುರುತಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಒಬ್ಬಳೇ ಕಂಡರೂ “ಜೋಡಿ ಹುಡುಗ್ಯಾರು ಬಂದ್ರು” ಎನ್ನುತ್ತಿದ್ದರು. ಅವಳು ಮಗ್ಗಿ ತಪ್ಪಿದ್ದಕ್ಕೆ ನಾನು ಅಂಗೈಗೆ ಏಟು ತಿಂದದ್ದುಂಟು, ನಾನು ಹೊಲದಲ್ಲಿ ಕದ್ದ ಕಡಲೆಗಿಡಕ್ಕೆ ಅವಳು ಬೈಸಿಕೊಂಡದ್ದುಂಟು. ಅವ್ವ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಬೆನ್ನು ತಿರುಗಿಸಿ ನಿಂತರೂ ಕೆಮ್ಮಿನಲ್ಲೇ ಯಾರೆಂದು ಹೇಳುತ್ತಿದ್ದಳು. ಮುಂದೆ ಅಕ್ಕನನ್ನು ಹುಕ್ಕೇರಿಗೆ ಕೊಟ್ಟರು, ನನ್ನನ್ನು ಮೂಡಲಗಿಗೆ. ಅವಳ ಗಂಡನಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿ. ನನ್ನ ಗಂಡ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ನಮ್ಮ ಮಗ ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಅಕ್ಕನಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ಆರು ವರ್ಷದವಳು.

ಆ ದಿನ ಬೆಳಗ್ಗೆ ಅಕ್ಕ ರೊಟ್ಟಿ ಬಡಿಯುತ್ತ ಕೂತಿದ್ದಳಂತೆ. “ತಲಿ ಒಡದಂಗ ಆಗಾಕತ್ತೈತಿ” ಎಂದು ಒಮ್ಮೆ ಹೇಳಿದಳಂತೆ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆಗೆ ಭಾವ ಒಳಗೆ ಬಂದು ನೋಡಿದರೆ ಅವಳು ಹಿಟ್ಟಿನ ಪರಾತದ ಬಾಜೂ ಬಿದ್ದಿದ್ದಳು. ಬೆಳಗಾವಿಗೆ ಒಯ್ದರು. ಮೆದುಳಿನ ಒಂದು ರಕ್ತನಾಳ ಬಲೂನಿನ ಹಾಗೆ ಉಬ್ಬಿಕೊಂಡಿತ್ತು, ಅದು ಒಡೆದಿದೆ ಎಂದು ಡಾಕ್ಟರು ಹೇಳಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ತಲುಪುವಾಗ ಅವಳು ಉಸಿರಾಡುತ್ತಿದ್ದಳು, ಆದರೆ ಅದು ಯಂತ್ರದ ಉಸಿರು.

ಹುಕ್ಕೇರಿಯ ಮನೆಯ ಪಡಸಾಲೆಯಲ್ಲಿ ಅವಳನ್ನು ಗೋಡೆಗೆ ಆನಿಸಿ ಕೂರಿಸಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುವುದು. ಹಣೆಗೆ, ತೋಳಿಗೆ ವಿಭೂತಿ ಬಳಿದು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಹಸಿರು ಇಳಕಲ್ ಸೀರೆ ಉಡಿಸಿದ್ದರು. ನಾನು ಎದುರಿಗೆ ಕೂತಿದ್ದೆ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ಮೊದಲು ಅವಳನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು, ಆಮೇಲೆ ಮತ್ತೆ ಅವಳನ್ನು. ಓಣಿಯ ಒಬ್ಬ ಮುದುಕಿ ಹತ್ತಿರ ಬಂದು ನನ್ನ ಕೆನ್ನೆ ಮುಟ್ಟಿದಳು, “ಬೆಚ್ಚಗೈತಿ” ಎಂದು ಯಾರಿಗೋ ಹೇಳಿದಳು. ನನಗೆ ಏನೂ ಅನ್ನಿಸಲಿಲ್ಲ. ಎಲ್ಲರೂ ಅಳುತ್ತಿದ್ದರು, ನನಗೆ ಅಳು ಬರಲಿಲ್ಲ. ನನ್ನದೇ ಮುಖ ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿ ಎದುರಿಗೆ ಕೂತಿತ್ತು. ಅವಳ ಬಲಗಿವಿಯ ಹಿಂದೆ ಇನ್ನೂ ಒಂದಿಷ್ಟು ಜೋಳದ ಹಿಟ್ಟು ಅಂಟಿಕೊಂಡಿತ್ತು. ತೊಳೆದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಒರೆಸಬೇಕು ಅಂದುಕೊಂಡೆ, ಒರೆಸಲಿಲ್ಲ.

ಹಾಗೆ ಹದಿನಾರನೆಯ ದಿನ ನಾನು ತರಗತಿಗೆ ಹೋದಾಗ ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಅಕ್ಕ ಬೀಳುವ ಹಿಂದಿನ ದಿನ ನಾನೇ ಇಟ್ಟದ್ದು. ಕಾಲುವೆಯ ನೀರು ತುಂಬಿ, ಅದರಲ್ಲಿ ಜೋಳದ ಒಣದಂಟಿನ, ಎಂದರೆ ಕಣಿಕೆಯ, ನಾಲ್ಕು ತುಂಡು ಹಾಕಿ, “ನಾಕು ದಿನ ತಡೀರಿ, ಇದರಾಗ ಜೀವ ತೋರಸ್ತೀನಿ” ಎಂದು ಮಕ್ಕಳಿಗೆ ಹೇಳಿದ್ದೆ. ನಾಲ್ಕು ದಿನ ಹೋಗಿ ಎರಡು ವಾರ ದಾಟಿತ್ತು. ನೀರು ಹಳದಿಯಾಗಿ, ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಯಾರೂ ಚೆಲ್ಲಿರಲಿಲ್ಲ. ಮೊದಲನೆಯ ಬೆಂಚಿನ ಹುಡುಗಿ ಹೇಳಿದಳು, “ಟೀಚರ್, ನಾವು ಯಾರಿಗೂ ಮುಟ್ಟಗೊಡಲಿಲ್ರಿ.” ಕಲ್ಲೋಳಿಯಿಂದ ಬಸ್ಸಿಗೆ ಬರುವ, ಎರಡು ಜಡೆಯ ಹುಡುಗಿ ಅವಳು. ಪ್ರಶ್ನೆ ಕೇಳದೆ ಒಂದು ಪೀರಿಯಡ್ ಕೂತವಳಲ್ಲ.

ಸೂಕ್ಷ್ಮದರ್ಶಕವನ್ನು ಕಿಟಕಿಯ ಬಿಸಿಲಿಗೆ ಇಟ್ಟು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು ಹಾಕಿ, ಹತ್ತಿಯ ಒಂದೆರಡು ಎಳೆ ಹರಡಿದೆ. ಆ ಎಳೆಗಳ ನಡುವೆ ಸಿಕ್ಕಿದರೆ ಅವು ಓಡುವುದು ನಿಧಾನವಾಗುತ್ತದೆ, ಇಲ್ಲದಿದ್ದರೆ ಕಣ್ಣಿಗೆ ನಿಲ್ಲುವುದಿಲ್ಲ. ಮೊದಲು ನಾನು ನೋಡಿದೆ. ಅಷ್ಟೊಂದು ಪ್ಯಾರಮೀಸಿಯಮ್‌ಗಳನ್ನು ನಾನು ಎಂದೂ ಒಂದೇ ಹನಿಯಲ್ಲಿ ನೋಡಿರಲಿಲ್ಲ. ಚಪ್ಪಲಿಯ ಅಟ್ಟೆಯ ಆಕಾರದವು, ಮೈತುಂಬ ಸಣ್ಣ ರೋಮ, ತಿರುಗುತ್ತ ಬಂದು ಹತ್ತಿಯ ಎಳೆಗೆ ಡಿಕ್ಕಿ ಹೊಡೆದು ಹಿಂದೆ ಸರಿದು ಮತ್ತೆ ಬರುವವು. ನಾನು ಇಲ್ಲದ ಅಷ್ಟೂ ದಿನ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ತಮ್ಮ ಪಾಡಿಗೆ ತಾವು ಬೆಳೆದಿದ್ದವು.

ಮಕ್ಕಳು ಸಾಲಾಗಿ ಬಂದು ನೋಡಿದರು. ನಾನು ಬೋರ್ಡಿನ ಮೇಲೆ ನಡುವೆ ಗೆರೆ ಎಳೆದು ಎಡಕ್ಕೆ ಏಕಕೋಶ ಜೀವಿ, ಬಲಕ್ಕೆ ಬಹುಕೋಶ ಜೀವಿ ಎಂದು ಬರೆದೆ. ಪ್ರತಿವರ್ಷ ಹೇಳುವ ಮಾತುಗಳು, ಬಾಯಿಗೆ ತಾವೇ ಬಂದವು. ಏಕಕೋಶ ಜೀವಿಯಲ್ಲಿ ಇರುವುದು ಒಂದೇ ಕೋಶ. ತಿನ್ನುವುದು, ಉಸಿರಾಡುವುದು, ಹೊಲಸು ಹೊರಗೆ ಹಾಕುವುದು, ಓಡಾಡುವುದು ಎಲ್ಲವನ್ನೂ ಅದೊಂದೇ ಮಾಡಬೇಕು. ಬಹುಕೋಶ ಜೀವಿಯಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ. ನರದ ಕೋಶ ಸುದ್ದಿ ಮುಟ್ಟಿಸುತ್ತದೆ, ರಕ್ತದ ಕೋಶ ಪ್ರಾಣವಾಯು ಒಯ್ಯುತ್ತದೆ, ಚರ್ಮದ ಕೋಶ ಹೊರಗಿನದನ್ನು ತಡೆಯುತ್ತದೆ. ಆದರೆ ಹಾಗೆ ಹಂಚಿಕೊಂಡ ಮೇಲೆ ಯಾವ ಕೋಶವೂ ಒಂಟಿಯಾಗಿ ಬದುಕಲಾರದು. ಬೆರಳಿನಿಂದ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅದರಲ್ಲಿರುವ ಕೋಶಗಳು ಅಲ್ಲೇ ಸಾಯುತ್ತವೆ.

“ಟೀಚರ್, ಇದರಾಗ ಇನ್ನೊಂದ ಥರದ್ದ ಐತ್ರಿ,” ಎಂದಳು ಕಲ್ಲೋಳಿಯ ಹುಡುಗಿ, ಕಣ್ಣನ್ನು ಮಸೂರದಿಂದ ತೆಗೆಯದೆ. “ಅದರ ಬಾಯಾಗ ಗಾಲಿ ತಿರಗಾಕತ್ತೈತಿ.”

ನಾನು ನೋಡಿದೆ. ಅದು ರೋಟಿಫರ್. ಹಿಂಬದಿಯ ಕಾಲಿನಿಂದ ಕಣಿಕೆಯ ಒಂದು ನಾರನ್ನು ಹಿಡಿದುಕೊಂಡು, ತಲೆಯ ಮೇಲಿನ ರೋಮದ ಎರಡು ಚಕ್ರಗಳನ್ನು ಆಡಿಸುತ್ತ ನೀರಿನಲ್ಲಿದ್ದುದನ್ನು ಒಳಗೆ ಎಳೆದುಕೊಳ್ಳುತ್ತಿತ್ತು.

“ಅದು ಬಹುಕೋಶ ಜೀವಿ,” ಎಂದೆ. “ಅದಕ್ಕ ಹೊಟ್ಟಿ ಐತಿ, ದವಡಿ ಐತಿ, ಸಣ್ಣದೊಂದ ಮಿದುಳ ಐತಿ. ಸಾವಿರದಷ್ಟ ಕೋಶ ಇರ್ತಾವು.”

“ಎರಡೂ ಒಂದ ಅಳತಿ ಅದಾವಲ್ರಿ!”

“ಹೂಂ. ಅಳತಿ ನೋಡಿ ಹೇಳಾಕ ಬರೂದಿಲ್ಲ. ಒಳಗ ಎಷ್ಟ ಮಂದಿ ಅದಾರ ಅನ್ನೂದು ಹೊರಗಿನಿಂದ ಗೊತ್ತಾಗೂದಿಲ್ಲ.”

ಮಕ್ಕಳು ನಕ್ಕರು. ಆಮೇಲೆ ಅವಳು ಇನ್ನೊಂದನ್ನು ತೋರಿಸಿದಳು. ಒಂದು ಪ್ಯಾರಮೀಸಿಯಮ್ ನಡುವೆ ಸೊಂಟ ಕಟ್ಟಿದ ಹಾಗೆ ಸಣ್ಣಗಾಗಿ, ಎರಡು ಭಾಗಗಳು ಒಂದನ್ನೊಂದು ಎಳೆದಾಡುತ್ತಿದ್ದವು. ವಿಭಜನೆ. ಹತ್ತು ವರ್ಷ ಕಲಿಸಿದರೂ ಜೀವಂತವಾಗಿ ಕಾಣಲು ಸಿಕ್ಕಿದ್ದು ಎರಡೋ ಮೂರೋ ಸಲ. ಎಲ್ಲರನ್ನೂ ಬೇಗ ಬೇಗ ಕರೆದು ತೋರಿಸಿದೆ. ಕೊನೆಯ ಹುಡುಗ ನೋಡುವ ಹೊತ್ತಿಗೆ ಅವು ಬೇರೆಯಾಗಿ ಆಚೆಗೊಂದು ಈಚೆಗೊಂದು ಹೋಗಿಬಿಟ್ಟಿದ್ದವು.

“ಟೀಚರ್, ಇವೆರಡರಾಗ ಅವ್ವ ಯಾವುದ್ರಿ, ಮಗಳ ಯಾವುದ್ರಿ?”

“ಎರಡೂ ಮಕ್ಕಳ.”

“ಹಂಗಾದ್ರ ಅವ್ವ ಎಲ್ಲಿ ಹೋದ್ಲ್ರಿ? ಸತ್ಲೇನ್ರಿ?”

“ಸಾಯಲಿಲ್ಲ. ಸತ್ತಿದ್ರ ಹೆಣ ಇರಬೇಕಿತ್ತಲ್ಲ. ಹೆಣ ಇಲ್ಲ. ಇದ್ದದ್ದೆಲ್ಲ ಆ ಎರಡರೊಳಗ ಹೋತು.”

ನನ್ನ ಮನೆಯ ಸುದ್ದಿ ಮಕ್ಕಳಿಗೆಲ್ಲ ಗೊತ್ತಿತ್ತು. ಆ ಹುಡುಗಿಯ ಪಕ್ಕದವಳು ಅವಳ ತೊಡೆಗೆ ಚಿವುಟಿದ್ದು ಕಂಡಿತು. ನಾನು ಬೋರ್ಡಿನ ಕಡೆ ತಿರುಗಿ, ಎಡಗಡೆಯಲ್ಲಿ “ವಿಭಜನೆಯಿಂದ ವಂಶಾಭಿವೃದ್ಧಿ, ಮುಪ್ಪಿನ ಸಾವು ಸಾಮಾನ್ಯವಾಗಿ ಇಲ್ಲ” ಎಂದು ಬರೆದೆ. ಬಲಗಡೆಯಲ್ಲಿ “ಒಂದೇ ಕೋಶದಿಂದ ಆರಂಭ, ಬೆಳವಣಿಗೆ, ಮುಪ್ಪು, ಸಾವು” ಎಂದು ಬರೆದೆ. ಅಕ್ಷರ ಯಾವಾಗಿನ ಹಾಗೆ ದುಂಡಗೆ ಬಂದಿದ್ದವು. ತಿರುಗುವಷ್ಟರಲ್ಲಿ ಹನಿ ಬಿಸಿಲಿಗೆ ಒಣಗಿತ್ತು. ಪ್ಯಾರಮೀಸಿಯಮ್‌ಗಳು ಒಂದೊಂದಾಗಿ ನಿಂತು ಒಡೆದುಹೋಗಿದ್ದವು. ಮುಪ್ಪು ಇಲ್ಲ ಅಂದಮಾತ್ರಕ್ಕೆ ಸಾವೇ ಇಲ್ಲ ಎಂದಲ್ಲ ಎಂದು ನಾನು ಹೇಳಬೇಕಾಗಲಿಲ್ಲ, ಮಕ್ಕಳೇ ನೋಡಿದರು.

ಅದೇ ವಾರ ಭಾವನ ಫೋನ್ ಬಂತು. ಬೆಳಗಾವಿಯ ಡಾಕ್ಟರರ ಹತ್ತಿರ ಕಾಗದಪತ್ರ ತರಲು ಹೋದಾಗ ಮಾತಿನ ನಡುವೆ ಭಾವ ನನ್ನ ವಿಷಯ ಹೇಳಿದ್ದರು. ಅವಳಿ ಎಂದ ಕೂಡಲೇ ಡಾಕ್ಟರರು ಪೆನ್ನು ಕೆಳಗಿಟ್ಟರಂತೆ.

“ಒಂದ ಥರಾ ಕಾಣೂ ಅವಳಿ ಏನ್ರಿ ಅಂತ ಕೇಳಿದ್ರು. ಹೌದ್ರಿ, ನಾನ ಒಮ್ಮೊಮ್ಮೆ ಮೋಸ ಹೋಗಿದ್ನಿ ಅಂದೆ. ಒಂದ ತತ್ತಿಯಿಂದ ಒಡದ ಅವಳಿ ಇದ್ರ ಇಕೀಗೂ ಅಂಥಾದ ಇರಬಹುದು, ಲಗೂನ ತಲಿ ಸ್ಕ್ಯಾನ್ ಮಾಡಸ್ರಿ ಅಂದಾರ. ಬಿಡಬ್ಯಾಡ್ರಿ.”

“ಆತ್ರಿ” ಎಂದೆ. ಫೋನ್ ಇಟ್ಟು ಅನ್ನಕ್ಕೆ ಇಟ್ಟೆ. ಗಂಡನಿಗೆ ಹೇಳಲಿಲ್ಲ. ಹೆದರಿಕೆಯಿಂದ ಅಲ್ಲ. ಹೆದರಿಕೆ ಆಗಿದ್ದರೆ ಒಳ್ಳೆಯದಿತ್ತು. ನನ್ನ ತಲೆಯೊಳಗೆ ಒಂದು ರಕ್ತನಾಳ ಉಬ್ಬಿಕೊಂಡು ಕೂತಿದೆಯೋ ಇಲ್ಲವೋ ಎನ್ನುವುದು ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಕೇಳಿಸಿತು. ಎರಡು ವಾರ ಹೀಗೆಯೇ ಕಳೆದವು. ಕೊನೆಗೆ ಭಾವನೇ ನನ್ನ ಗಂಡನಿಗೆ ಫೋನ್ ಮಾಡಿ ಕೇಳಿದಾಗ ಸಂಗತಿ ಹೊರಬಿತ್ತು. ನನ್ನ ಗಂಡ ಮೆತ್ತಗಿನ ಮನುಷ್ಯ, ದನಗಳಿಗೂ ಗದರುವವನಲ್ಲ. ಅಂದು ಮಾತ್ರ ಊಟದ ತಾಟು ಮುಂದೆ ದೂಡಿ ಎದ್ದ.

“ನಿಂಗ ತಲಿ ಐತೋ ಇಲ್ಲೋ?”

“ಐತೋ ಇಲ್ಲೋ ಅಂತ ನೋಡಾಕ ಹೋಗಬೇಕಾಗೇತಿ” ಎಂದೆ. ಅದು ತಮಾಷೆಯಾಗಿ ಬಾಯಿಗೆ ಬಂತು, ಯಾಕೆ ಬಂತೋ ಗೊತ್ತಿಲ್ಲ. ಅವನು ನಗಲಿಲ್ಲ. ಹೊರಗೆ ಹೋಗಿ ಕಟ್ಟೆಯ ಮೇಲೆ ಬಹಳ ಹೊತ್ತು ಕೂತ.

ಸ್ಕ್ಯಾನಿಗೆ ಮೊದಲು ನಾನು ಅಂಕಲಗಿಗೆ ಹೋದೆ. ಅವ್ವನಿಂದ ಒಂದು ಮಾತು ತಿಳಿಯಬೇಕಿತ್ತು. ಅವಳು ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ನನ್ನನ್ನು ನೋಡಿದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಂದೂ ತಪ್ಪದವಳು ಅಂದು ಒಂದು ಕ್ಷಣ ತಪ್ಪಿದಳು ಎಂದು ನನಗೆ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ಅವಳು ಶೇಂಗಾ ಸುಲಿಯುತ್ತಿದ್ದಳು, ನಾನೂ ಕೂತು ಸುಲಿಯತೊಡಗಿದೆ.

“ಯವ್ವಾ, ನಾವ ಹುಟ್ಟಿದ ಮ್ಯಾಲೆ ಬಿದ್ದ ಮಾಸ ಒಂದ ಇತ್ತೋ, ಎರಡ ಇದ್ದೂವೋ?”

“ಈಗ್ಯಾಕ ಅದು?”

“ಡಾಕ್ಟರ ಕೇಳ್ಯಾರ.”

ಅವ್ವ ಸಿಪ್ಪೆಗಳನ್ನು ಮೊರಕ್ಕೆ ಸುರಿದಳು. “ಒಂದ. ಸೂಲಗಿತ್ತಿ ಆಯಿ ಎರಡೂ ಕೈಯಾಗ ಹಿಡದ ತೋರಿಸಿದ್ಲು. ‘ನೋಡವಾ, ಒಂದ ಬುತ್ತಿ ಇಬ್ಬರು ಉಂಡಾರ’ ಅಂದ್ಲು. ಅಕಿ ಪೈಲೆ ಬಂದ್ಲು, ದೊಡ್ಡದಾಗಿ ಅತ್ಲು. ನೀ ಬಂದ್ಯಲ್ಲ, ಅಳಲಿಲ್ಲ. ಮೈ ನೀಲಿ ಆಗಿತ್ತು. ಸೂಲಗಿತ್ತಿ ತಣ್ಣೀರು ಚಿಮುಕಿಸಿದ್ಲು, ಅಂಗಾಲಿಗೆ ಬಡದ್ಲು, ಆದರೂ ಇಲ್ಲ. ಆಮ್ಯಾಲೆ ನಿನ್ನ ಒಯ್ದ ಅಕಿ ಬಾಜೂ ಮಲಗಿಸಿದ್ಲು. ಅಕಿ ಅಳೂದ ಕೇಳಿ ನೀ ಅತ್ತಿ.”

ಇದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಿಜವೋ, ಅವ್ವ ಈಗ ಕೂಡಿಸಿಕೊಂಡದ್ದೋ ತಿಳಿಯದು. ಒಂದೇ ಮಾಸ ಎಂದರೆ ಒಂದೇ ತತ್ತಿ, ಒಂದೇ ಮೊದಲ ಕೋಶ. ಅದು ಒಡೆದು ಇಬ್ಬರಾದದ್ದು. ಮಕ್ಕಳಿಗೆ ನಾನು ಪ್ರತಿವರ್ಷ ಹೇಳುವ ಪಾಠದಲ್ಲಿ ಈ ಸಾಲು ಇಲ್ಲ. ಬಹುಕೋಶ ಜೀವಿ ಒಂದು ಕೋಶದಿಂದ ಶುರುವಾಗುತ್ತದೆ ಎನ್ನುವವರೆಗೆ ಮಾತ್ರ ಇದೆ. ನಾನು ಇನ್ನೊಂದು ಸೇರು ಶೇಂಗಾ ಸುಲಿದು, ಊಟ ಮಾಡಿ, ಸಂಜೆಯ ಬಸ್ಸಿಗೆ ಮರಳಿದೆ.

ಮಧ್ಯದಲ್ಲಿ ಒಂದು ರವಿವಾರ ಹುಕ್ಕೇರಿಗೂ ಹೋಗಿದ್ದೆ. ಆ ಭೇಟಿ ಚೆನ್ನಾಗಿ ಆಗಲಿಲ್ಲ. ಬಾಗಿಲಲ್ಲಿ ನನ್ನನ್ನು ನೋಡಿದ ಅಕ್ಕನ ಮಗಳು “ಅವ್ವಾ!” ಎಂದು ಕೂಗಿ ಓಡಿ ಬಂದಳು. ಮೂರು ಹೆಜ್ಜೆ ದೂರದಲ್ಲಿ ನಿಂತಳು. ನಂತರ ಹಿಂದೆ ಹಿಂದೆ ಸರಿದು ಅಜ್ಜಿಯ, ಎಂದರೆ ಭಾವನ ತಾಯಿಯ, ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ಇಡೀ ದಿನ ನನ್ನ ಹತ್ತಿರ ಬರಲಿಲ್ಲ, ನಾನು ತಿರುಗಿದಾಗಲೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಹೊರಡುವಾಗ ಭಾವ ಬಸ್‌ಸ್ಟ್ಯಾಂಡಿನವರೆಗೆ ಬಂದರು. ಸಾವಿನ ನಂತರ ಅವರು ಒಮ್ಮೆಯೂ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಅಂದೂ ಬಸ್ಸಿನ ಬೋರ್ಡು ನೋಡುತ್ತಲೇ ಹೇಳಿದರು:

“ತಪ್ಪ ತಿಳಕೋಬ್ಯಾಡ್ರಿ. ಸ್ವಲ್ಪ ದಿನ ಬರಬ್ಯಾಡ್ರಿ. ಕೂಸಿಗೂ ತ್ರಾಸ ಆಗತೈತಿ, ನನಗೂ…”

“ಹೂಂ” ಎಂದೆ. ಅವರು ಹೇಳಿದ್ದು ಸರಿ ಇತ್ತು. ನನಗೇನೂ ನೋವಾಗಲಿಲ್ಲ. ನೋವಾಗಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಯೋಚಿಸುತ್ತ ಘಟಪ್ರಭೆ ದಾಟಿದ್ದೂ ಗೊತ್ತಾಗಲಿಲ್ಲ.

ಅವರು ಬೇಡ ಎಂದರೂ ಮುಂದೆ ಒಮ್ಮೆ ಹೋಗಬೇಕಾಯಿತು. ಅಕ್ಕನ ಬ್ಯಾಂಕಿನ ಕಾಗದಕ್ಕೆ ಸಾಕ್ಷಿಯ ಸಹಿ ಬೇಕಿತ್ತು. ಸಹಿ ಮಾಡಿ ಹೊರಗೆ ಬಂದಾಗ ಅದು ಸಂತೆಯ ದಿನ. ಮನೆಯ ಕಡೆ ಹೋಗದೆ ನೇರ ಬಸ್ಸು ಹತ್ತುವುದೆಂದು ಸಂತೆಯ ನಡುವೆಯೇ ದಾಟುತ್ತಿದ್ದೆ. ತರಕಾರಿಯ ಸಾಲಿನಲ್ಲಿ ಒಬ್ಬಳು ಕೂಗಿದಳು:

“ಅಕ್ಕಾರ! ಏನ್ರಿ, ಇಷ್ಟ ಸಂತಿ ಬರಲೇ ಇಲ್ಲಲ್ಲ? ಸಿಟ್ಟ ಬಂದೈತೇನ ನಮ್ಮ ಮ್ಯಾಲೆ?”

ಗೋಣಿತಟ್ಟಿನ ಮೇಲೆ ಹಾಗಲ, ಸವತಿ, ಪುಂಡಿಪಲ್ಯ ಹರಡಿಕೊಂಡು ಕೂತಿದ್ದ ದಪ್ಪನೆಯ ಹೆಂಗಸು. ನಾನು ನಿಂತೆ. ನಾನು ಅವಳಲ್ಲ ಎಂದು ಹೇಳಲು ಎರಡು ಮಾತು ಸಾಕಿತ್ತು. ಬಾಯಿಂದ ಬಂದದ್ದು ಬೇರೆ.

“ಆರಾಮ ಇರಲಿಲ್ಲ.”

“ಮಾರಿ ನೋಡಿದ್ರ ತಿಳೀತೈತಿ ಬಿಡ್ರಿ, ಎಷ್ಟ ಸೊರಗೀರಿ! ಈಗ ಹೆಂಗೈತಿ?”

“ಈಗ ಏನೂ ಇಲ್ಲ.”

“ಕೂಸು ಸಾಲಿಗೆ ಹೊಂಟೈತಿಲ್ರಿ? ಅಳತೈತೇನು ಇನ್ನೂ?”

“ಹೋಗತಾಳ.”

ಅವಳು ಕೇಳದೆಯೇ ಹಾಗಲಕಾಯಿಯ ರಾಶಿಯಲ್ಲಿ ಕೈಯಾಡಿಸಿ, ಎಳೆಯವನ್ನೇ ಆರಿಸಿ ತಕ್ಕಡಿಗೆ ಹಾಕಿದಳು. “ನಿಮಗ ಬೇಕಾದಂಥಾವ ತೆಗದೀನಿ, ಬೀಜ ಇಲ್ಲದವು.” ಅಕ್ಕ ಹಾಗಲಕಾಯಿ ಇಷ್ಟಪಡುತ್ತಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಇಬ್ಬರೂ ತಾಟಿನ ಅಂಚಿಗೆ ಸರಿಸುತ್ತಿದ್ದೆವು. ಹುಕ್ಕೇರಿಗೆ ಬಂದ ಮೇಲೆ ಯಾವಾಗಲೋ ಅವಳ ನಾಲಿಗೆ ಬದಲಾಗಿತ್ತು. ಅರ್ಧ ಕಿಲೋ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಪಲ್ಯ ಮಾಡಿ ತಿಂದೆ. ಕಹಿ ಇತ್ತು, ಅಷ್ಟೇ.

ಸ್ಕ್ಯಾನ್ ಗೋಕಾಕದಲ್ಲಿ ಆಯಿತು. ಗಂಡ ರಜೆ ಹಾಕಿ ಜೊತೆಗೆ ಬಂದ. ಒಳಗೆ ಹೋಗುವ ಮೊದಲು ಮೈಮೇಲೆ ಲೋಹದ್ದೇನೂ ಇರಬಾರದು ಎಂದರು. ತಾಳಿ, ಕಿವಿಯೋಲೆ, ಬಳೆ, ಕಾಲುಂಗುರ ಬಿಚ್ಚಿದೆ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನೂ ತೆಗೆಯಬೇಕಾಯಿತು. ಅದರೊಳಗೆ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು, ಮೈಯಿಂದ ಬೇರೆ ಮಾಡಬಾರದು ಎಂದು ಕಲಿಸಿದ್ದು. ಗಂಡ ಟವೆಲಿನಲ್ಲಿ ಎಲ್ಲವನ್ನೂ ಸುತ್ತಿ ಎದೆಗೆ ಒತ್ತಿ ಹಿಡಿದು ಬೆಂಚಿನ ಮೇಲೆ ಕೂತ.

ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಅಲುಗಾಡಬೇಡಿ ಎಂದರು. ಅಲುಗಾಡದೆ ಇರುವುದು ನನಗೆ ಕಷ್ಟವಾಗಲಿಲ್ಲ, ಆ ಎರಡು ತಿಂಗಳು ಅದನ್ನೇ ಮಾಡಿದ್ದೆ. ಸುತ್ತಲೂ ಹಾರೆಯಿಂದ ಬಂಡೆ ಕುಟ್ಟಿದಂಥ ಸದ್ದು. ಕಣ್ಣು ಮುಚ್ಚಿಕೊಂಡೆ. ಏನಾದರೂ ಕಂಡರೆ ಸಾಕು ಎಂದು ಒಂದು ಕ್ಷಣ ಅನ್ನಿಸಿತು. ಕಂಡರೆ ನಾನೂ ಅವಳೂ ಇನ್ನೂ ಒಂದೇ. ಇದನ್ನು ಗಂಡನಿಗೆ ಹೇಳಿಲ್ಲ, ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಡಾಕ್ಟರರು ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ರಕ್ತನಾಳಗಳ ಮೇಲೆ ಗೆರೆ ಎಳೆದ ಹಾಗೆ ತೋರಿಸಿದರು. “ಏನೂ ಇಲ್ರಿ. ಸಾಫ್ ಐತಿ. ಕೆಲವು ವರ್ಷ ಬಿಟ್ಟ ಮತ್ತೊಮ್ಮೆ ನೋಡೂಣು, ಬಿ.ಪಿ. ಮಾತ್ರ ಕಾಯ್ಕೊಳ್ರಿ.”

“ಇಬ್ಬರೂ ಒಂದ ಕೋಶದಿಂದ ಬಂದವರ್ರಿ” ಎಂದೆ. ದೂರು ಹೇಳುವಂತೆ ಕೇಳಿಸಿತು.

“ಇರಬಹುದು. ಆದರ ಒಡದ ಮ್ಯಾಲೆ ಇಬ್ಬರೂ ಬ್ಯಾರೆ ಬ್ಯಾರೆ ಬೆಳದೀರಿ. ಪ್ರತಿಯೊಂದ ರಕ್ತನಾಳ ತನ್ನ ದಾರಿ ತಾನ ಹಿಡೀತೈತಿ. ಅವರಿಗೆ ಆತು ಅಂತ ನಿಮಗ ಆಗಬೇಕಂತೇನಿಲ್ಲ.”

ಗಂಡ ಹೊರಗೆ ಬಂದು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಮೂಗು ಒರೆಸಿಕೊಂಡ. ಆಮೇಲೆ ಒಂದು ಡಬ್ಬಿ ಕರದಂಟು ತಂದ. ನಾನು ಒಂದು ತುಂಡು ತಿಂದೆ. ಅಕ್ಕ ಸತ್ತಳು, ನಾನು ಇದ್ದೇನೆ ಎನ್ನುವ ಎರಡು ವಾಕ್ಯ ಆವತ್ತಿನಿಂದ ಬೇರೆ ಬೇರೆಯಾದವು. ಸಮಾಧಾನ ಎನ್ನಲಾರೆ. ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಅದು ಇರುವುದು ಮಾತ್ರ ತಿಳಿಯುತ್ತದಲ್ಲ, ಹಾಗೆ.

ಸುದ್ದಿ ತಿಳಿಸಲು ಭಾವನಿಗೆ ಫೋನ್ ಮಾಡಿದೆವು. ಏನೂ ಇಲ್ಲ ಎನ್ನುವುದನ್ನು ಅವರು ಎರಡು ಸಲ ಕೇಳಿ ಖಚಿತಮಾಡಿಕೊಂಡರು. ಆಮೇಲೆ, “ಇಲ್ಲೇ ಬರ್ರಿ ಇಬ್ಬರೂ. ಊಟಕ್ಕ ಬರ್ರಿ” ಎಂದರು. ಗೋಕಾಕದಿಂದಲೇ ಹುಕ್ಕೇರಿಯ ಬಸ್ಸು ಹತ್ತಿದೆವು.

ಅಕ್ಕನ ಮಗಳು ಕಟ್ಟೆಯ ಮೇಲೆ ಕೂತು ಬಳಪದಿಂದ ಏನೋ ಗೀಚುತ್ತಿದ್ದಳು. ಈ ಸಲ ಓಡಿ ಬರಲಿಲ್ಲ, ಓಡಿ ಹೋಗಲೂ ಇಲ್ಲ. ನನ್ನ ಕೈಯಲ್ಲಿದ್ದ ದೊಡ್ಡ ಲಕೋಟೆಯನ್ನೇ ನೋಡಿದಳು.

“ಅದರಾಗ ಏನೈತಿ?”

“ನನ್ನ ತಲಿ ಫೋಟೋ.”

“ತೋರಸು.”

ನಾನು ಫಿಲ್ಮ್ ಹೊರತೆಗೆದು ಕೊಟ್ಟೆ. ಅವಳು ಎರಡೂ ಕೈಯಿಂದ ಅದನ್ನು ಬಿಸಿಲಿಗೆ ಎತ್ತಿ ಹಿಡಿದಳು. ಕಪ್ಪು ಹಾಳೆಯ ಮೇಲೆ ಬೆಳ್ಳನೆಯ ನಾಳಗಳು ಮರದ ಬೇರಿನ ಹಾಗೆ ಕವಲೊಡೆದಿದ್ದವು. ಬಾಗಿಲಲ್ಲಿ ಭಾವ ಬಂದು ನಿಂತದ್ದು ಕಂಡಿತು.

“ಅವ್ವಂದೂ ಹಿಂಗ ಇತ್ತೇನು?”

“ಇಲ್ಲ. ಬ್ಯಾರೆ ಇತ್ತು.”

“ಮಾರಿ ಒಂದ ಐತಲ್ಲ.”

“ಮಾರಿ ಒಂದ ಐತಿ. ಒಳಗ ಬ್ಯಾರೆ. ನಾವ ಇಬ್ಬರೂ ಮೊದಲ ಭಾಳ ಅಂದ್ರ ಭಾಳ ಸಣ್ಣ ಒಂದ ಚುಕ್ಕಿ ಇದ್ವಿ. ಕಣ್ಣಿಗೆ ಕಾಣದಷ್ಟ ಸಣ್ಣದು. ಅದು ಎರಡ ಚುಕ್ಕಿ ಆತು. ಒಂದ ಚುಕ್ಕಿ ನಿಮ್ಮವ್ವ ಆದ್ಲು, ಒಂದ ನಾ ಆದ್ನಿ.”

ಅವಳು ಫಿಲ್ಮ್ ಕೆಳಗಿಟ್ಟು ನನ್ನ ಮುಖದ ಹತ್ತಿರ ಮುಖ ತಂದಳು. ಬಳಪದ ಧೂಳು ಹತ್ತಿದ ಬೆರಳಿನಿಂದ ನನ್ನ ಹುಬ್ಬು, ಮೂಗು, ಗದ್ದ ಮುಟ್ಟಿ ನೋಡಿದಳು. ವೈದ್ಯರಿಗಿಂತ ನಿಧಾನವಾಗಿ ಪರೀಕ್ಷೆ ಮಾಡಿದಳು. ಕೊನೆಗೆ ತನ್ನ ತಂದೆಯ ಕಡೆ ತಿರುಗಿ, ಎಲ್ಲರಿಗೂ ಗೊತ್ತಿರಲಿ ಎನ್ನುವ ಹಾಗೆ ಹೇಳಿದಳು: “ಇಕಿ ಮೌಶಿ.”

“ಹೌದವಾ, ಮೌಶಿ, ನಿಮ್ಮವ್ವನ ತಂಗಿ” ಎಂದರು ಭಾವ. ಅಂದು ಅವರು ನನ್ನ ಮುಖ ನೋಡಿದರು. ಬಹಳ ಹೊತ್ತಲ್ಲ, ಆದರೆ ನೋಡಿದರು. “ಬರ್ರಿ, ಕೈಕಾಲ ತೊಕ್ಕೊಳ್ರಿ, ಊಟ ಆಗೇತಿ.”

ಅದಾದ ಮೇಲೆ ಪ್ರತಿ ಎರಡನೆಯ ರವಿವಾರ ಹೋಗುತ್ತಿದ್ದೇನೆ. ತರಕಾರಿಯವಳಿಗೆ ನಿಜ ತಿಳಿದಿತ್ತು, ಭಾವನ ತಾಯಿ ಸಂತೆಯಲ್ಲಿ ಹೇಳಿದ್ದರು. ಮುಂದಿನ ಸಲ ನನ್ನನ್ನು ಕಂಡಾಗ ಅವಳು ತಕ್ಕಡಿ ಕೆಳಗಿಟ್ಟು, “ಯಾಕ್ರಿ ಹಂಗ ಮಾಡಿದ್ರಿ? ಸತ್ತಾಕಿ ಕೂಡ ಮಾತಾಡಿದಂಗಾತಲ್ರಿ ನನಗ” ಎಂದು ಬೈದಳು. ಬೈಯುತ್ತಲೇ ಅತ್ತಳು. ತಪ್ಪಾಯಿತು ಎಂದೆ. ನಿಜವಾಗಿಯೂ ತಪ್ಪೇ ಆಗಿತ್ತು. ಅವಳ ಬಳಿ ಸವತಿಕಾಯಿ ಕೊಂಡೆ.

ನನಗೆ ಇನ್ನೂ ಅಳು ಬಂದಿಲ್ಲ. ಬರಲೇಬೇಕು ಎಂದು ನನ್ನ ಗಂಡ ಒಮ್ಮೊಮ್ಮೆ ಚಿಂತೆ ಮಾಡುತ್ತಾನೆ, ನಾನು ಮಾಡುವುದಿಲ್ಲ. ಕಳೆದ ರವಿವಾರ ಅಕ್ಕನ ಮಗಳಿಗೆ ಒಂದು ಹಲ್ಲು ಬಿತ್ತು. ರಕ್ತ ಉಗುಳಿ, ಹಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದಳು. ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಹಾಗೆಯೇ ನಿದ್ದೆ ಹೋದಳು, ಮಧ್ಯಾಹ್ನದ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಅಲ್ಲೇ ಕೂತಿದ್ದೆ.